ಅಳಿಸಿದರೂ ಮರಳಿ ಬರುವ ಚೆಕ್ ಎಂಜಿನ್ ಲೈಟ್

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕೆಲವು ತಿಂಗಳಿಂದ ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಪಿ0171 ಎಂಬ ಕೋಡ್ ಬಂದಿದೆ ಎಂದು ಹೇಳಿ ಅಳಿಸಿ ಕೊಡುತ್ತಾರೆ. ವಾರ, ಹತ್ತು ದಿನದಲ್ಲಿ ಮತ್ತೆ ಉರಿಯುತ್ತದೆ. ಗಾಳಿ ಅಳೆಯುವ ಸೆನ್ಸರನ್ನು ಸ್ವಚ್ಛ ಮಾಡಿಸಿದ್ದಾಯಿತು. ಒಬ್ಬರು ಆಕ್ಸಿಜನ್ ಸೆನ್ಸರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಎನ್ನುತ್ತಾರೆ. ಬೆಳಿಗ್ಗೆ ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ, ಹೈವೇಯಲ್ಲಿ ತೊಂದರೆಯಿಲ್ಲ. ಗಾಡಿ ನಿಲ್ಲಿಸುವುದು ಮಾವಿನ ತೋಟದ ಶೆಡ್ಡಿನಲ್ಲಿ. ಏನು ಮಾಡಲಿ?
– ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ಪಿ0171 ಎಂದರೆ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಲೆಕ್ಕಕ್ಕಿಂತ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ನಿನ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆದು ಹಾಗೆಂದು ವರದಿ ಮಾಡಿದ ಆಕ್ಸಿಜನ್ ಸೆನ್ಸರನ್ನೇ ಬದಲಿಸುವುದು ಜ್ವರ ಬಂದಾಗ ಥರ್ಮಾಮೀಟರ್ ಬದಲಿಸಿದಂತೆ. ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕನ್ವರ್ಟರಿನ ದಕ್ಷತೆ ಕುಗ್ಗಿದರೆ ಬರುವ ಕೋಡ್ ಸಾಮಾನ್ಯವಾಗಿ ಪಿ0420. ಅದು ನಿಮ್ಮ ಗಾಡಿಯಲ್ಲಿ ಬಂದೇ ಇಲ್ಲ.

ಲೈಟ್ ಕೆಲವು ದಿನ ಸುಮ್ಮನಿದ್ದು ಮತ್ತೆ ಬರುವುದಕ್ಕೂ ಕಾರಣವಿದೆ. ಎಂಜಿನ್ ಕಂಪ್ಯೂಟರ್ ಆಕ್ಸಿಜನ್ ಸೆನ್ಸರಿನ ಸೂಚನೆ ನೋಡಿ ಪೆಟ್ರೋಲನ್ನು ಶೇಕಡಾವಾರು ಹೆಚ್ಚು ಕಡಿಮೆ ಮಾಡುತ್ತಾ, ಆ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುತ್ತದೆ. ಇದನ್ನು ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ಕೋಡ್ ಅಳಿಸಿದಾಗ ಅನೇಕ ಗಾಡಿಗಳಲ್ಲಿ ಈ ನೆನಪೂ ಅಳಿಸಿ ಸೊನ್ನೆಗೆ ಬರುತ್ತದೆ, ಮತ್ತೆ ಮಿತಿ ಮುಟ್ಟಲು ಅಷ್ಟು ಓಡಾಟ ಬೇಕಾಗುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಎರಡು ಓಟಗಳಲ್ಲಿ ಸತತವಾಗಿ ದೋಷ ಕಂಡರೆ ಮಾತ್ರ ಲೈಟ್ ಉರಿಯುತ್ತದೆ. ಅಳಿಸುವುದರಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಬಿಸಿ, ಲೋಡ್, ಟ್ರಿಮ್ ಎಷ್ಟಿತ್ತು ಎಂಬ ಫ್ರೀಜ್ ಫ್ರೇಮ್ ಮಾಹಿತಿಯೂ ಕೋಡಿನ ಜೊತೆಗೆ ಹೋಗಿಬಿಡುತ್ತದೆ. ಆದ್ದರಿಂದ ಮುಂದಿನ ಸಲ ಲೈಟ್ ಬಂದಾಗ, ಅಳಿಸುವ ಮೊದಲು ಆ ಪರದೆಯ ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ಬಿಚ್ಚಿ ಹಾಕಿದರೂ ಪರಿಣಾಮ ಹೆಚ್ಚುಕಡಿಮೆ ಇದೇ ಆಗುತ್ತದೆ.

ಬಳಿಕ ಎಂಜಿನ್ ಬಿಸಿಯಾದ ಮೇಲೆ ಟ್ರಿಮ್ ಅನ್ನು ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಓದಿಸಿ. ಐಡ್ಲಿಂಗ್‌ನಲ್ಲಿ ಶೇ +20ರ ಆಸುಪಾಸಿದ್ದು ರೇಸ್ ಮಾಡಿದಾಗ ಶೇ 10ರೊಳಗೆ ಇಳಿದರೆ, ಸೆನ್ಸರ್ ಅಳೆದ ನಂತರ ಎಲ್ಲೋ ಕದ್ದು ಗಾಳಿ ಒಳಗೆ ಹೋಗುತ್ತಿದೆ ಎಂದು ತಿಳಿಯಬಹುದು. ಗಾಳಿಯ ಒಟ್ಟು ಪ್ರಮಾಣ ಹೆಚ್ಚಿದಂತೆ ಆ ಸೋರಿಕೆಯ ಪಾಲು ಕಡಿಮೆಯಾಗುತ್ತದೆ. ಅದಕ್ಕೆ ವಿರುದ್ಧವಾಗಿ ಏರು ಹತ್ತುವಾಗ, ಲೋಡ್ ಬಿದ್ದಾಗ ಟ್ರಿಮ್ ಏರಿದರೆ ಫ್ಯೂಯೆಲ್ ಪಂಪ್ ಅಥವಾ ಫಿಲ್ಟರನ್ನು ಅನುಮಾನಿಸಬೇಕು. ನೀವು ಬರೆದ ಲಕ್ಷಣಗಳು, ಅಂದರೆ ಬೆಳಗಿನ ನಡುಕ ಮತ್ತು ಹೈವೇಯಲ್ಲಿನ ನೆಮ್ಮದಿ, ಮೊದಲನೆಯದರ ಕಡೆಗೇ ಕೈತೋರಿಸುತ್ತವೆ.

ಗಾಳಿ ಸೋರುವ ಜಾಗಗಳು ಹತ್ತು ವರ್ಷ ದಾಟಿದ ಗಾಡಿಯಲ್ಲಿ ಬಹುತೇಕ ರಬ್ಬರಿನವೇ. ಏರ್ ಫಿಲ್ಟರಿನಿಂದ ಥ್ರಾಟಲ್‌ಗೆ ಹೋಗುವ ದಪ್ಪ ಪೈಪಿನ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿ ನೋಡಿ. ಮೇಲಿನಿಂದ ಸರಿಯಾಗಿ ಕಾಣುವ ಪೈಪಿನ ತಳಭಾಗದ ಮಡಿಕೆಯಲ್ಲಿ ಉಗುರಿನಷ್ಟು ಸೀಳು ಇರುವುದು ಅಪರೂಪವಲ್ಲ. ಕ್ಲಾಂಪ್, ಬ್ರೇಕ್ ಬೂಸ್ಟರಿನ ಹೋಸ್, ಎಂಜಿನ್ನಿನ ಹೊಗೆಯನ್ನು ವಾಪಸ್ ಎಳೆಯುವ ಸಣ್ಣ ಹೋಸ್ ಇವುಗಳನ್ನೂ ತಪ್ಪದೆ ನೋಡಿಸಿ. ತೋಟದ ಶೆಡ್ಡಿನಲ್ಲಿ ಇಲಿಗಳಿಗೆ ಬಾನೆಟ್ಟಿನ ಒಳಗಿನ ಬೆಚ್ಚನೆಯ ಜಾಗ ಬಹಳ ಇಷ್ಟ. ಕಚ್ಚಿದ ಗುರುತು ಹೋಸಿನಲ್ಲೂ ಇರಬಹುದು, ಸೆನ್ಸರ್ ವೈರಿನಲ್ಲೂ ಇರಬಹುದು. ಕಣ್ಣಿಗೆ ಕಾಣದಿದ್ದರೆ ಸ್ಮೋಕ್ ಟೆಸ್ಟ್ ಇರುವ ಗ್ಯಾರೇಜಿಗೆ ಹೋಗಿ, ಹೊಗೆ ಎಲ್ಲಿಂದ ಹೊರಬರುತ್ತದೆ ಎಂದು ನೋಡುವುದೇ ಖಚಿತ ದಾರಿ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿ ನಮ್ಮಲ್ಲಿದೆ. ಬೆಂಕಿ ಹತ್ತುವ ಅಪಾಯವಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಸೈಲೆನ್ಸರ್ ಕಡೆಯನ್ನೂ ಮರೆಯಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿರುಕು ಬಿಟ್ಟರೆ ಹೊರಗಿನ ಗಾಳಿ ಆಕ್ಸಿಜನ್ ಸೆನ್ಸರಿಗೆ ತಾಗಿ, ಸುಳ್ಳು ಸೂಚನೆ ಹೋಗುತ್ತದೆ. ತಣ್ಣಗಿರುವಾಗ ಟಿಕ್ ಟಿಕ್ ಎಂದು ಬಿಸಿಯಾದ ಮೇಲೆ ನಿಲ್ಲುವ ಸದ್ದು, ಅಲ್ಲಲ್ಲಿ ಮಸಿಯ ಗೆರೆ ಇದರ ಗುರುತು. ಗಾಳಿ ಅಳೆಯುವ ಸೆನ್ಸರನ್ನು ಯಾವುದರಿಂದ ಸ್ವಚ್ಛ ಮಾಡಿದರು ಎಂದೂ ಕೇಳಿ. ಅದಕ್ಕೆಂದೇ ಸಿಗುವ ಸ್ಪ್ರೇ ಬಿಟ್ಟು ಬಟ್ಟೆಯಿಂದ ಒರೆಸಿದ್ದರೆ ಒಳಗಿನ ಸೂಕ್ಷ್ಮ ತಂತಿಗೆ ಹಾನಿಯಾಗಿರಬಹುದು.

ಈಗಿನ ಪೆಟ್ರೋಲಿನ ಪಾತ್ರವೂ ಇದೆ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ, ಶುದ್ಧ ಪೆಟ್ರೋಲಿನ ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು, ಟ್ರಿಮ್ ಮೊದಲೇ ಒಂದಿಷ್ಟು ಮೇಲಿರುತ್ತದೆ. ಹಿಂದೆ ಲೆಕ್ಕಕ್ಕೆ ಬಾರದಿದ್ದ ಸಣ್ಣ ಸೋರಿಕೆಯೂ ಹಳೆಯ ಗಾಡಿಯಲ್ಲಿ ಈಗ ಮಿತಿ ದಾಟಿಸಬಲ್ಲದು. ಆದರೆ ಎಲ್ಲವನ್ನೂ ಪೆಟ್ರೋಲಿನ ತಲೆಗೆ ಕಟ್ಟುವುದು ಸರಿಯಲ್ಲ, ಸೋರಿಕೆಯನ್ನು ಮುಚ್ಚಲೇಬೇಕು.

ರಿಪೇರಿಯಾದ ಮೇಲೆ ಟ್ರಿಮ್ ಮತ್ತೆ ಓದಿಸಿ; ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ಲೈಟ್ ಸಾಮಾನ್ಯವಾಗಿ ತಾನಾಗಿಯೇ ಆರುತ್ತದೆ. ಅಷ್ಟರವರೆಗೆ ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಓಡಿಸಬಹುದು. ಮಿನುಗಲು ಶುರುವಾದರೆ ಮಾತ್ರ ಮಿಸ್‌ಫೈರ್ ಆಗಿ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗುತ್ತಿದೆ ಎಂದರ್ಥ. ಗಾಡಿಯನ್ನು ಬದಿಗೆ ನಿಲ್ಲಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.