ನಾಜಿ ಶಿಬಿರಗಳಿಂದ ಬದುಕಿ ಬಂದವರ ಬರಹಗಳಲ್ಲಿ ಕತ್ತಲೆ

ಶಿಬಿರಗಳಿಂದ ಬದುಕಿ ಬಂದವರ ಬರಹಗಳಲ್ಲಿ ಕತ್ತಲೆಯನ್ನು ಕೆಡುಕಿನ ಸಂಕೇತ ಎಂದು ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಎಲೀ ವೀಸೆಲ್ ತಮ್ಮ ಶಿಬಿರದ ದಿನಗಳ ಬಗ್ಗೆ ಬರೆದ ‘ನೈಟ್’ (ಇರುಳು) ಪುಸ್ತಕವನ್ನು ಮೊದಲ ಸಲ ಓದಿದಾಗ ನಾನೂ ಹಾಗೇ ತಿಳಿದಿದ್ದೆ. ‘ತಮಸೋ ಮಾ ಜ್ಯೋತಿರ್ಗಮಯ’ ಕೇಳಿಕೊಂಡೇ ಬೆಳೆದ ನಮಗೆ ಕತ್ತಲೆ ದಾಟಬೇಕಾದದ್ದು, ಬೆಳಕು ಮುಟ್ಟಬೇಕಾದದ್ದು. ಎರಡನೇ ಸಲ ಓದುವಾಗ, ಇದರಲ್ಲಿ ಬೆಳಗಾದಾಗಲೆಲ್ಲ ಏನಾಗುತ್ತದೆ ಎಂದು ಗುರುತು ಹಾಕಿಕೊಳ್ಳುತ್ತ ಹೋದೆ. ನೀವೂ ಹಾಗೆ ಮಾಡಿ ನೋಡಿ.

1944ರ ಮೇ ತಿಂಗಳು. ಆಗ ಹಂಗೇರಿಗೆ ಸೇರಿದ್ದ, ವೀಸೆಲ್ ಅವರ ಸಿಗೆಟ್ ಊರಿನ ಯಹೂದಿಗಳನ್ನು ದನ ಸಾಗಿಸುವ ವ್ಯಾಗನ್ನುಗಳಲ್ಲಿ, ಒಂದೊಂದಕ್ಕೆ 80 ಮಂದಿಯಂತೆ ತುಂಬಿ ಪೋಲೆಂಡಿನ ನಾಜಿ ಶಿಬಿರವಾದ ಆಶ್ವಿಟ್ಜ್‌ಗೆ ಕಳಿಸುತ್ತಾರೆ. ವೀಸೆಲ್‌ಗೆ ಆಗ 15 ವರ್ಷ. ವ್ಯಾಗನ್ನಿನ ಕತ್ತಲಲ್ಲಿ ಮೇಡಂ ಶೆಖ್ಟರ್ ಎಂಬಾಕೆ ಬೆಂಕಿ ಕಾಣುತ್ತಿದೆ ಎಂದು ಚೀರುತ್ತಾಳೆ. ಕಿಟಕಿಯಾಚೆ ಏನೂ ಇಲ್ಲ. ಹುಚ್ಚು ಹಿಡಿದಿದೆ ಎಂದು ಜೊತೆಯವರೇ ಅವಳನ್ನು ಕಟ್ಟಿಹಾಕಿ, ಬಾಯಿಗೆ ಬಟ್ಟೆ ತುರುಕಿ, ಹೊಡೆಯುತ್ತಾರೆ. ಪಕ್ಕದಲ್ಲೇ ಅವಳ ಹತ್ತು ವರ್ಷದ ಮಗ. ಆಶ್ವಿಟ್ಜ್‌ನದೇ ಭಾಗವಾದ ಬಿರ್ಕೆನೌ ತಲುಪಿದಾಗ ಚಿಮಣಿಯ ಬಾಯಲ್ಲಿ ಆ ಬೆಂಕಿ ಎಲ್ಲರಿಗೂ ಕಾಣುತ್ತದೆ. ಕತ್ತಲನ್ನು ಸೀಳಿ ಬಂದ ಬೆಳಕು ಮನುಷ್ಯರನ್ನು ಸುಡುತ್ತಿದ್ದ ಬೆಂಕಿಯದು.

ಮುಂದೆ, ಕೈದಿಗಳನ್ನು ಬೇರೆ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ, ಗ್ಲೈವಿಟ್ಜ್‌ನಲ್ಲಿ ಒಬ್ಬರ ಮೇಲೊಬ್ಬರು ರಾಶಿ ಬಿದ್ದಿರುವಾಗ ಜೂಲಿಯೆಕ್ ಎಂಬ ಹುಡುಗ ಕತ್ತಲಲ್ಲೇ ಪಿಟೀಲು ನುಡಿಸುತ್ತಾನೆ, ಬೀಥೋವನ್ ಕೃತಿಯನ್ನು. ಯಹೂದಿಗಳು ಜರ್ಮನ್ ಸಂಗೀತ ನುಡಿಸಬಾರದು ಎಂಬ ಕಟ್ಟಳೆಯಿತ್ತು. ಅವನಿಗೆ ಮರೆ ಕೊಟ್ಟದ್ದು ಕತ್ತಲೆ. ಬೆಳಗಾದಾಗ ಕಂಡದ್ದು ಅವನ ಹೆಣ, ತುಳಿತಕ್ಕೆ ಸಿಕ್ಕಿ ಜಜ್ಜಿಹೋದ ಪಿಟೀಲು. ಈ ಪುಟವನ್ನು ಇವತ್ತಿಗೂ ನಿಲ್ಲಿಸದೆ ಓದಲು ನನ್ನಿಂದ ಆಗುವುದಿಲ್ಲ. ವೀಸೆಲ್ ತಮ್ಮ ತಂದೆಯನ್ನು ಕಳೆದುಕೊಳ್ಳುವುದೂ ಬೆಳಗಿನ ಹೊತ್ತೇ: 1945ರ ಜನವರಿ 29ರಂದು ಜರ್ಮನಿಯ ಶಿಬಿರ ಬುಖೆನ್‌ವಾಲ್ಡ್‌ನಲ್ಲಿ ಕಣ್ಣುಬಿಟ್ಟರೆ ತಂದೆಯ ಜಾಗದಲ್ಲಿ ಬೇರೊಬ್ಬ ರೋಗಿ ಮಲಗಿದ್ದ.

ಇನ್ನೊಂದು ವಿಷಯ ತಿಳಿದರೆ ‘ನೈಟ್’ ಎಂಬ ಶೀರ್ಷಿಕೆಯ ಭಾರ ಅರ್ಥವಾಗುತ್ತದೆ. ಯಹೂದಿಗಳಿಗೆ ದಿನ ಶುರುವಾಗುವುದು ಸಂಜೆಗೆ. ಶನಿವಾರದ ಸಬ್ಬತ್, ಅಂದರೆ ಅವರ ವಾರದ ವಿಶ್ರಾಂತಿಯ ದಿನ, ಶುಕ್ರವಾರ ಹೊತ್ತು ಮುಳುಗುವಾಗಲೇ ಬರುತ್ತದೆ. ಅವರ ಸೃಷ್ಟಿಕಥೆಯಲ್ಲೂ ಮೊದಲು ಸಂಜೆ, ಆಮೇಲೆ ಬೆಳಗು. ಹಾಗಾಗಿ ಇರುಳು ಅವರಿಗೆ ಆರಂಭ. ಶಿಬಿರದ ಮೊದಲ ರಾತ್ರಿ ತನ್ನ ಬದುಕನ್ನೇ ಒಂದು ದೀರ್ಘ ರಾತ್ರಿಯಾಗಿ ಮಾಡಿತು ಎಂದು ವೀಸೆಲ್ ಬರೆಯುವಾಗ, ಆ ಇರುಳಿನ ಪಾಲಿಗೆ ಬರಬೇಕಾಗಿದ್ದ ಬೆಳಗು ಬರಲೇ ಇಲ್ಲ ಎಂದು ಹೇಳುತ್ತಿದ್ದಾರೆ. ನಾಜಿಗಳ ಕಾಲದಲ್ಲಿ ಬದುಕುಳಿದ ಯಹೂದಿ ಕವಿ ಪೌಲ್ ಸೆಲಾನ್ ಅವರ ‘ಟೋಡೆಸ್‌ಫುಗೆ’ (ಸಾವಿನ ಫ್ಯೂಗ್, ಅಂದರೆ ಒಂದೇ ರಾಗ ಮರುಕಳಿಸುವ ಸಂಗೀತ ರಚನೆ) ಕವಿತೆ ‘ಮುಂಜಾವಿನ ಕಪ್ಪು ಹಾಲು’ ಎಂದೇ ತೊಡಗುತ್ತದೆ. ಅಲ್ಲಿ ಕಪ್ಪಾಗಿರುವುದು ಮುಂಜಾವು.

ಆಶ್ವಿಟ್ಜ್‌ನಿಂದ ಬದುಕಿ ಬಂದ ಇಟಲಿಯ ಯಹೂದಿ ಪ್ರೀಮೊ ಲೆವಿ ದೇವರನ್ನು ನಂಬದ ರಸಾಯನ ವಿಜ್ಞಾನಿ, ಬರವಣಿಗೆಯೂ ತಣ್ಣಗಿನದು. ಅವರಲ್ಲೂ ಬೆಳಗು ಹೀಗೇ ಬರುತ್ತದೆ. 1944ರ ಫೆಬ್ರವರಿ, ಇಟಲಿಯ ಫೊಸ್ಸೋಲಿ ಶಿಬಿರ. ಮರುದಿನ ಸಾಗಹಾಕುತ್ತಾರೆಂದು ಗೊತ್ತಾದ ರಾತ್ರಿ ತಾಯಂದಿರು ಎಚ್ಚರವಿದ್ದು ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಾರೆ, ಮಕ್ಕಳಿಗೆ ಮೀಯಿಸುತ್ತಾರೆ. ಬೆಳಕು ಹರಿಯುವಾಗ ಮುಳ್ಳುತಂತಿಯ ತುಂಬ ಮಕ್ಕಳ ಒಗೆದ ಬಟ್ಟೆ. ಆ ಬೆಳಗು ದ್ರೋಹಿಯ ಹಾಗೆ ಬಂತು ಎನ್ನುತ್ತಾರೆ ಲೆವಿ. ಆಶ್ವಿಟ್ಜ್‌ನಲ್ಲಿ ದಿನವೂ ಬೆಳಗಾಗುತ್ತಿದ್ದದ್ದು ‘ವ್‌ಸ್ತಾವಾಚ್’ ಎಂಬ ಪೋಲಿಷ್ ಅಪ್ಪಣೆಯಿಂದ, ‘ಏಳಿ’ ಎಂದರ್ಥ. ಶಿಬಿರದಿಂದ ಊರಿಗೆ ಮರಳಿದ ಪಯಣದ ಕುರಿತ ಅವರ ‘ದಿ ಟ್ರೂಸ್’ ಪುಸ್ತಕದ ಕೊನೆಯಲ್ಲಿ ಅವರು ಟ್ಯೂರಿನ್‌ನ ಸ್ವಂತ ಮನೆಗೆ ಮರಳಿದ್ದಾರೆ, ಊಟವಿದೆ, ಹಾಸಿಗೆಯಿದೆ, ಮನೆಮಂದಿ ಇದ್ದಾರೆ. ಆದರೂ ಕನಸಿನಲ್ಲಿ ಅದೆಲ್ಲ ಕರಗಿ ಮತ್ತೆ ಶಿಬಿರ. ಬೆಳಗಿನ ಅದೇ ಪದ, ಮೆಲ್ಲನೆ, ಕೇಳಿಬರುತ್ತದೆ.