ರೋಮ್: ನಡೆದು ನೋಡುವವರ ಪ್ರಶ್ನೆಗಳು

ಪ್ರಶ್ನೆ: ರೋಮ್‌ನಲ್ಲಿ ನಮಗಿರುವುದು ಒಂದೇ ಹಗಲು. ಕೊಲೊಸಿಯಂನಿಂದ ವ್ಯಾಟಿಕನ್‌ವರೆಗೆ ನಡೆದೇ ನೋಡಬಹುದೇ? ಯಾವ ತುದಿಯಿಂದ ಹೊರಡಬೇಕು?

ಉತ್ತರ: ಧಾರಾಳವಾಗಿ ನಡೆಯಬಹುದು. ಸುತ್ತುಬಳಸು ಸೇರಿ ದಾರಿ ಐದು ಕಿಲೋಮೀಟರ್ ಆಸುಪಾಸು. ಇಲ್ಲಿ ಕಾಲು ಸೋಲುವುದು ದೂರಕ್ಕಲ್ಲ, ಬಿಸಿಲಿಗೆ ಮತ್ತು ಕ್ಯೂಗೆ. ಆದ್ದರಿಂದ ಕೊಲೊಸಿಯಂನಿಂದಲೇ, ಅದೂ ಬೆಳಗಿನ ಮೊದಲ ಪಾಳಿಯ ಟಿಕೆಟ್ ಹಿಡಿದು ಹೊರಡಿ. ಅದೇ ಟಿಕೆಟ್‌ನಲ್ಲಿ ಫೋರಂ (ಪ್ರಾಚೀನ ರೋಮ್‌ನ ಮುಖ್ಯ ಚೌಕದ ಅವಶೇಷ) ಮತ್ತು ಪಕ್ಕದ ಪ್ಯಾಲಟೈನ್ ಗುಡ್ಡವೂ ಸೇರಿವೆ. ಫೋರಂನಲ್ಲಿ ನೆರಳು ಬಹಳ ಕಡಿಮೆ, ಬೇಸಿಗೆಯ ಮಧ್ಯಾಹ್ನ ಅದು ಕಾದ ಹೆಂಚು. ಟಿಕೆಟ್‌ನಲ್ಲಿ ನಿಮ್ಮ ಹೆಸರು ಅಚ್ಚಾಗಿರುತ್ತದೆ. ಅದು ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ ಇರಲಿ, ಬುಕ್ ಮಾಡುವಾಗ ಸರ್‌ನೇಮ್ ಬಿಟ್ಟು ಬಾಗಿಲಲ್ಲಿ ಪೇಚಾಡುವುದು ಬೇಡ.

ಅಲ್ಲಿಂದ ಕ್ಯಾಂಪಿಡೋಲಿಯೋ ಗುಡ್ಡ ಹತ್ತಿ. ಮೇಲಿನ ಚೌಕ ಮೈಕೆಲೆಂಜೆಲೊನ ವಿನ್ಯಾಸ. ಚೌಕದ ಹಿಂಬದಿಗೆ ಹೋದರೆ ಆಗಷ್ಟೇ ಅಡ್ಡಾಡಿದ ಫೋರಂ ಇಡಿಯಾಗಿ ಕಾಲ ಕೆಳಗೆ ಕಾಣುತ್ತದೆ, ಇದಕ್ಕೆ ದುಡ್ಡಿಲ್ಲ. ಮುಂದೆ ಪಿಯಾಜಾ ವೆನೆಜಿಯಾ ಎಂಬ ಚೌಕ ದಾಟಿ ಟ್ರೆವಿ ಕಾರಂಜಿ. ಹಗಲಿಡೀ ಅಲ್ಲಿ ಜನಜಂಗುಳಿ. ಜೇಬಿನ ಮೇಲೆ ಕೈಯಿರಲಿ.

ಮುಂದಿನದು ಪ್ಯಾಂಥಿಯನ್, ಪ್ರಾಚೀನ ರೋಮನ್ ದೇಗುಲ. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಗುಮ್ಮಟದ ಅಗಲ ಮತ್ತು ನೆಲದಿಂದ ಅದರ ನೆತ್ತಿಯವರೆಗಿನ ಎತ್ತರ ಎರಡೂ ಸುಮಾರು 43.3 ಮೀಟರ್. ಉಕ್ಕಿನ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ನೆತ್ತಿಯ ತೂತಿಗೆ ಗಾಜಿಲ್ಲ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ. ನೆಲ ನಡುವೆ ಸ್ವಲ್ಪ ಉಬ್ಬಿರುವುದರಿಂದ ನೀರು ಹರಿದು ಕಲ್ಲಿನಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಆ ತೂತುಗಳನ್ನು ಹುಡುಕಿ ನೋಡಿ, ಎಲ್ಲರೂ ಮೇಲೆಯೇ ನೋಡುತ್ತಿರುತ್ತಾರೆ. 2023ರಿಂದ ಇಲ್ಲಿಗೂ ಟಿಕೆಟ್ ಇದೆ.

ನವೋನಾ ಚೌಕ ಅಲ್ಲಿಂದ ಐದಾರು ನಿಮಿಷ. ಅಲ್ಲಿರುವ ಶಿಲ್ಪಿ ಬರ್ನಿನಿಯ ನಾಲ್ಕು ನದಿಗಳ ಕಾರಂಜಿಯಲ್ಲಿ ಉದ್ದನೆಯ ಹುಟ್ಟು ಹಿಡಿದು ಕೂತವನು ಗಂಗೆ. ಹೌದು, ಅಲ್ಲಿ ಗಂಗೆ ಗಂಡಸು! ಆಮೇಲೆ ಸಂತ ಆಂಜೆಲೊ ಸೇತುವೆ ದಾಟಿದರೆ ಎದುರಿಗೇ ಸಂತ ಆಂಜೆಲೊ ಕೋಟೆ, ಅಲ್ಲಿಂದ ಎಡಕ್ಕೆ ತಿರುಗಿದರೆ ವ್ಯಾಟಿಕನ್ ದಾರಿ.

ಪ್ರಶ್ನೆ: ಅದೇ ದಿನ ವ್ಯಾಟಿಕನ್ ಮ್ಯೂಸಿಯಂ ಕೂಡ ಆಗುತ್ತದೆಯೇ?

ಉತ್ತರ: ಬೇಡ. ಸಂತ ಪೀಟರ್ ಬಸಿಲಿಕಾ (ದೊಡ್ಡ ಚರ್ಚು) ಮತ್ತು ಮ್ಯೂಸಿಯಂ ಒಂದೇ ಬಾಗಿಲೆಂದು ತಿಳಿದು ಬರುವವರು ಬಹಳ. ಬಸಿಲಿಕಾ ಮುಂದಿನ ಚೌಕದಿಂದ ಮ್ಯೂಸಿಯಂ ಬಾಗಿಲಿಗೆ ಕೋಟೆಗೋಡೆ ಬಳಸಿ ಕಾಲು ಗಂಟೆ ನಡೆಯಬೇಕು, ಒಳಗೆ ಮತ್ತೆ ಮೂರು ಗಂಟೆಯಾದರೂ ಬೇಕು. ಬಸಿಲಿಕಾ ಪ್ರವೇಶಕ್ಕೆ ಹಣವಿಲ್ಲ, ತಪಾಸಣೆಯ ಕ್ಯೂ ಮಾತ್ರ ಉದ್ದ. ಹೆಗಲು, ಮಂಡಿ ಮುಚ್ಚಿರಬೇಕು. ಚೀಲದಲ್ಲೊಂದು ತೆಳುವಾದ ಶಾಲಿದ್ದರೆ ಹೆಗಲಿನ ಚಿಂತೆಯಿಲ್ಲ, ಗಂಡಸರ ಚಡ್ಡಿಗೆ ಶಾಲು ಪರಿಹಾರವಲ್ಲ. ಬುಧವಾರ ಬೆಳಿಗ್ಗೆ ಪೋಪ್ ದರ್ಶನದ ಗದ್ದಲವಿರುತ್ತದೆ, ಆ ಹೊತ್ತು ತಪ್ಪಿಸಿ.

ಪ್ರಶ್ನೆ: ನಮ್ಮ ಜೊತೆ ಎಪ್ಪತ್ತು ದಾಟಿದವರಿದ್ದಾರೆ. ಚಪ್ಪಲಿ, ನೀರು, ಕೂರಲು ಜಾಗ?

ಉತ್ತರ: ಹಳೆಯ ಬೀದಿಗಳಿಗೆ ಹಾಸಿರುವುದು ಸಂಪಿಯೆತ್ರಿನಿ ಎಂಬ ಚೌಕಾಕಾರದ ಕಪ್ಪು ಕಲ್ಲು. ಸಂದುಗಳಲ್ಲಿ ಹಿಮ್ಮಡಿ ಸಿಕ್ಕಿ ಕಾಲು ಉಳುಕುತ್ತದೆ, ಒದ್ದೆಯಾದರೆ ಜಾರುತ್ತದೆ. ದಪ್ಪ ಅಟ್ಟೆಯ, ಈಗಾಗಲೇ ಹಾಕಿ ಪಳಗಿದ ಶೂ ಸರಿ, ಹೊಸದು ಬೇಡ.

ನೀರಿಗೆ ಖಾಲಿ ಬಾಟಲಿ ಸಾಕು. ಬೀದಿಬೀದಿಯಲ್ಲಿ 'ನಾಸೋನೆ' ಎಂಬ ಎರಕದ ಕಬ್ಬಿಣದ ನಲ್ಲಿಗಳಿವೆ. ಅದರ ನಳಿಗೆಯೇ ದೊಡ್ಡ ಮೂಗು, ಹೆಸರೂ ಅದರದೇ. ನೀರು ಸದಾ ಹರಿಯುತ್ತದೆ, ಕುಡಿಯಲು ಯೋಗ್ಯ. ನಳಿಗೆಯ ತುದಿಯನ್ನು ಬೆರಳಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಬಾಗದೆ ಕುಡಿಯಬಹುದು. ಮೊದಲ ಸಲ ಮೆಲ್ಲಗೆ ಒತ್ತಿ, ಇಲ್ಲವಾದರೆ ಮುಖಕ್ಕೇ ಅಭಿಷೇಕ.

ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂರಬೇಡಿ, 2019ರಿಂದ ದಂಡವಿದೆ. ನವೋನಾದ ಕಲ್ಲುಬೆಂಚುಗಳು ವಾಸಿ. ಚರ್ಚುಗಳ ಒಳಗೂ ತಂಪಾಗಿ ಕೂರಬಹುದು, ಆದರೆ ಹಲವು ಚರ್ಚುಗಳು ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ.