ಒಂದೇ ಒಂದು ವ್ಯಾಗನ್ ಯಾಕೆ ಸಿಗಲ್ಲ?

ಪ್ರಶ್ನೆ: ಸೇಡಂ ಹತ್ತಿರ ನಮ್ಮದೊಂದು ಸಣ್ಣ ಫರ್ಶಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಘಟಕ ಇದೆ. ಕಣ್ಣೆದುರೇ ಸಿಮೆಂಟ್ ಫ್ಯಾಕ್ಟರಿಗೆ ಗೂಡ್ಸ್ ರೈಲು ಹೋಗಿ ಬರುತ್ತದೆ. ನಮಗೆ ತಿಂಗಳಿಗೆ ಒಂದೆರಡು ವ್ಯಾಗನ್ ಸಾಕು. ಕೇಳಿದರೆ ಆಗಲ್ಲ ಅಂತಾರೆ. ದೊಡ್ಡವರಿಗೆ ಒಂದು ನ್ಯಾಯ, ನಮಗೊಂದಾ?
– ಫರ್ಶಿ ವ್ಯಾಪಾರಿ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ಸುಳ್ಳಲ್ಲ ಬಿಡಿ. ಒಂದು ಕಾಲಕ್ಕೆ ಸಣ್ಣ ಸ್ಟೇಷನ್ನಿನಲ್ಲೂ ಗೂಡ್ಸ್ ಶೆಡ್ ಇರುತ್ತಿತ್ತು. ಒಂದು ವ್ಯಾಗನ್ ತುಂಬಿಸಿದರೂ ಹೋಗೋ ಗಾಡಿಗೆ ಜೋಡಿಸುತ್ತಿದ್ದರು. ಆದರೆ ಅದು ಗಾಡಿ ಬಿಚ್ಚಿ ಜೋಡಿಸುವ ಯಾರ್ಡಿನಿಂದ ಯಾರ್ಡಿಗೆ ಕಾಯುತ್ತಾ ಹೋಗಬೇಕಿತ್ತು. ಯಾವಾಗ ಮುಟ್ಟುತ್ತದೋ ದೇವರೇ ಬಲ್ಲ! 1980ರ ದಶಕದಿಂದ ರೈಲ್ವೆ ಇಡೀ ರೇಕ್, ಅಂದರೆ ಒಂದು ಗಾಡಿಯ ಅಷ್ಟೂ ವ್ಯಾಗನ್, ಒಟ್ಟಿಗೆ ಕೊಡುವ ಕಡೆ ವಾಲಿತು. ಒಂದು ಕಡೆ ತುಂಬು, ಇನ್ನೊಂದು ಕಡೆ ಇಳಿಸು, ನಡುವೆ ಬಿಚ್ಚಬೇಡ. ಅಷ್ಟೇ ಲೆಕ್ಕ.

ಈ ಲೆಕ್ಕ ಸಿಮೆಂಟಿಗೆ ಸರಿಹೊಂದುತ್ತದೆ. ಈಗಿನ, ಮುಚ್ಚಿದ ವ್ಯಾಗನ್ನಿನ ಬಿಸಿಎನ್‌ಎಚ್‌ಎಲ್ ರೇಕಿನಲ್ಲಿ 58 ವ್ಯಾಗನ್ ಇರುತ್ತವೆ. ಸುಮಾರು 4,000 ಟನ್, ಅಂದರೆ 50 ಕಿಲೋದ 80,000 ಚೀಲ. ಇಪ್ಪತ್ತು ಟನ್ನಿನ ಲಾರಿ ಆದರೆ ಇನ್ನೂರು ಬೇಕು. ಫ್ಯಾಕ್ಟರಿಗೆ ಕಲ್ಲಿದ್ದಲು ಬರುವುದು ಬೇರೆ ವ್ಯಾಗನ್ನಿನಲ್ಲಿ, ಮೇಲೆ ತೆರೆದಿರುವ ಬಾಕ್ಸ್‌ಎನ್. ಚೀಲದ ಸಿಮೆಂಟಿಗೆ ಹನಿ ನೀರೂ ಆಗದು, ಅದನ್ನು ಸಾಮಾನ್ಯವಾಗಿ ಅದರಲ್ಲಿ ಹೇರುವುದಿಲ್ಲ. ನಿಮ್ಮ ಗೇಟ್ ಮುಂದೆ ಖಾಲಿ ಗಾಡಿ ಹೋಗುವುದು ನೋಡಿ ಹೊಟ್ಟೆ ಉರಿದಿರಬೇಕು ಅಲ್ವಾ? ಅದು ಸುಮ್ನೆ ಖಾಲಿ ಅಲ್ಲ, ಮುಂದಿನ ಲೋಡಿಗೆ ಹೊರಟ ಗಾಡಿ.

ದೊಡ್ಡವರ ಕಷ್ಟವನ್ನೂ ಕೇಳಿ. ನಾನು ಒಂದು ಸಿಮೆಂಟ್ ಫ್ಯಾಕ್ಟರಿಯ ಸೈಡಿಂಗ್ (ಫ್ಯಾಕ್ಟರಿಯದೇ ರೈಲು ಹಳಿ) ಆಫೀಸಿನಲ್ಲಿ ಕೆಲಸ ಮಾಡಿದವನು. ರೇಕ್ ಬರೋಕೆ ಹೊತ್ತು ಗೊತ್ತು ಇರಲಿಲ್ಲ. ಯುಗಾದಿ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಹಮಾಲರ ಮನೆ ಬಾಗಿಲು ಬಡಿದಿದ್ದೇನೆ. ಪ್ಲೇಸ್‌ಮೆಂಟ್ ಆದ, ಅಂದರೆ ವ್ಯಾಗನ್ ತುಂಬಿಸೋ ಜಾಗಕ್ಕೆ ತಂದು ನಿಲ್ಲಿಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಕೊಟ್ಟ ಸಮಯ ಮೀರಿದರೆ ಡೆಮರೇಜ್ ಅನ್ನೋ ತಡದ ದಂಡ, ಅದೂ ವ್ಯಾಗನ್ ಲೆಕ್ಕ, ಗಂಟೆ ಲೆಕ್ಕ. ಹತ್ತು ನಿಮಿಷ ಜಾಸ್ತಿ ಆದರೂ ಪೂರ್ತಿ ಗಂಟೆ. 58ರಿಂದ ಗುಣಿಸಿ ನೋಡಿ. ಬಾಗಿಲು ಸರಿ ಕೂರದ ವ್ಯಾಗನ್ ಸಿಕ್ಕರೆ ಮಳೆಗಾಲದಲ್ಲಿ ನಮ್ಮ ಪಾಡು ಬೇಡ.

ಇನ್ನು ನಿಮ್ಮ ಫರ್ಶಿ. ವ್ಯಾಗನ್ ಕೊಟ್ಟರೂ ನಿಮಗೆ ಲಾಭ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಘಟಕದಲ್ಲಿ ಲಾರಿಗೆ ಹೇರಬೇಕು, ಶೆಡ್‌ನಲ್ಲಿ ಇಳಿಸಿ ವ್ಯಾಗನ್ನಿಗೆ ಹೇರಬೇಕು, ಆ ಕಡೆ ಮತ್ತೆ ಅದೇ ಕಥೆ. ಇಷ್ಟು ಕೈ ಬದಲಾದರೆ ಪಾಲಿಶ್ ಕಲ್ಲಿನ ಮೂಲೆ ಉಳಿಯುತ್ತದಾ? ಸಣ್ಣ ಗಿರಾಕಿಗೆ ಅಂತ ಮಿನಿ ರೇಕ್ ಇದೆ. ಅದೂ 20 ವ್ಯಾಗನ್!

ನೀವು ಕೇಳಬೇಕಾದದ್ದು ರೈಲಿನಲ್ಲಿ ಹೋಗುವ ಕಂಟೇನರ್, ಅಂದರೆ ದೊಡ್ಡ ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆಯನ್ನೇ ಘಟಕಕ್ಕೆ ತರಿಸಿ, ಕಲ್ಲನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ ಕಟ್ಟಿ, ಬೀಗ ಹಾಕಿ. ದೆಹಲಿ, ಕೋಲ್ಕತ್ತಾದಂಥ ದೂರದ ಗಿರಾಕಿ ಇದ್ದರೆ ಮಾತ್ರ. ಹೈದರಾಬಾದಿಗೆ, ಪುಣೆಗೆ ಲಾರಿಯೇ ಸರಿ. ರೈಲಿನ ದರ ಒಂದನ್ನೇ ಕೇಳಬೇಡಿ. ಎರಡೂ ತುದಿಯ ಲಾರಿ ಬಾಡಿಗೆ, ಕ್ರೇನ್ ಖರ್ಚು, ಪೆಟ್ಟಿಗೆ ತಡೆದರೆ ಬೀಳುವ ಬಾಡಿಗೆ ಎಲ್ಲ ಸೇರಿಸಿ ಬರೆದು ಕೊಡಲು ಹೇಳಿ.